ಗದ್ದೆ ಹಲಗೆ, ಕಡಲ ಹಲಗೆ

ನನ್ನನ್ನು ಎತ್ತುವುದು ಸುಲಭ. ನನ್ನ ಬಗ್ಗೆ ಜನ ಹೇಳುತ್ತಿದ್ದ ಒಳ್ಳೆಯ ಮಾತುಗಳಲ್ಲಿ ಇದೂ ಒಂದು. ಮಾತು ಕಲಿಯುವ ವಯಸ್ಸಿನಲ್ಲಿ ಪೋಲಿಯೊ ಬಂದು ಎರಡೂ ಕಾಲು ಬತ್ತಿದವು; ಮೈಯ ತೂಕವೆಲ್ಲ ಸೊಂಟದಿಂದ ಮೇಲೆಯೇ. ಪ್ರೈಮರಿ ಶಾಲೆಗೆ ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ಹೋದ. ಕೃಷ್ಣರಾಜನಗರದಲ್ಲಿ ಬಿ.ಎಸ್ಸಿ. ಓದುವಾಗ ಮಹಡಿಯ ಮೇಲಿದ್ದ ಭೌತಶಾಸ್ತ್ರದ ಲ್ಯಾಬಿಗೆ ಗೆಳತಿಯರು ಕೈಗೆ ಕೈ ಹೆಣೆದು ಹೊತ್ತರು. ಬಸ್ಸಿಗೆ ಕಂಡಕ್ಟರುಗಳು ಹತ್ತಿಸಿದರು. ಕಾಲಿಗೆ ಆಸರೆಯ ಕಬ್ಬಿಣದ ಕ್ಯಾಲಿಪರ್ ತೊಟ್ಟು ಊರುಗೋಲು ಹಿಡಿದರೆ ನಡೆಯಬಲ್ಲೆ, ಆದರೆ ಪಕ್ಕದಲ್ಲಿ ಯಾರದೋ ಒಂದು ಕೈ ಸಿದ್ಧವಾಗಿ ಇದ್ದೇ ಇರುತ್ತಿತ್ತು. ಆ ಕೈಗಳೆಲ್ಲ ಒಳ್ಳೆಯವರ ಕೈಗಳೇ. ಅವುಗಳಿಲ್ಲದೆ ನಾನು ವೇಗವಾಗಿ ಹೋದದ್ದು ಒಂದೇ ಕಡೆ, ನಮ್ಮ ಗದ್ದೆಯ ಹಲಗೆಯ ಮೇಲೆ.

ನಮ್ಮ ಕಡೆ ನಾಲೆಗೆ ನೀರು ಬಿಟ್ಟ ಮೇಲೆ ಗದ್ದೆ ಉತ್ತು ಕೆಸರು ಮಾಡಿ, ನಾಟಿಗೆ ಮುಂಚೆ ಹಲಗೆ ಹೊಡೆಯುತ್ತಾರೆ. ಉದ್ದನೆಯ ಭಾರದ ಹಲಗೆಯನ್ನು ಅಡ್ಡಲಾಗಿ ಎತ್ತುಗಳಿಗೆ ಕಟ್ಟಿ, ಅದರ ಮೇಲೆ ಒಬ್ಬರು ನಿಂತು ಎಳೆಸಿದರೆ ದಿಬ್ಬ ಕರಗಿ, ಗುಂಡಿ ತುಂಬಿ, ಗದ್ದೆ ಕನ್ನಡಿಯ ಹಾಗೆ ಮಟ್ಟವಾಗುತ್ತದೆ. ಸಾಮಾನ್ಯವಾಗಿ ಎತ್ತು ಹೊಡೆಯುವವನೇ ಹಲಗೆ ಹತ್ತುತ್ತಾನೆ. ಆದರೆ ನಮ್ಮ ಎಡಗಡೆಯ ಎತ್ತು ಮೈಗಳ್ಳ. ಅಪ್ಪ ಅದರ ಪಕ್ಕದಲ್ಲೇ ನಡೆಯದಿದ್ದರೆ ನಿಂತುಬಿಡುತ್ತಿತ್ತು. ಹಾಗಾಗಿ ಹಲಗೆಯ ಮೇಲಿನ ಭಾರ ನಾನಾದೆ. ಎದೆಯನ್ನು ಹಲಗೆಗೆ ಕೊಟ್ಟು, ಎರಡೂ ಕೈಯಲ್ಲಿ ಮುಂದಿನ ಅಂಚು ಹಿಡಿದು ಬೋರಲು ಮಲಗುತ್ತಿದ್ದೆ. ಕಾಲುಗಳು ಹಿಂದೆ ಕೆಸರಿನಲ್ಲಿ ತಮ್ಮ ಪಾಡಿಗೆ ತೇಲಿಕೊಂಡು ಬರುತ್ತಿದ್ದವು. ದಿಬ್ಬ ತನ್ನ ಕಾಲಿಗೆ ಸಿಕ್ಕಿದ ಕೂಡಲೇ ಅಪ್ಪ ಮುಂದಿನಿಂದ ಕೂಗುತ್ತಿದ್ದ.

"ಒತ್ತವ್ವಾ, ಒತ್ತು!"

ನಾನು ಎದೆಯ ಭಾರವನ್ನೆಲ್ಲ ಮುಂದಿನ ಅಂಚಿಗೆ ಹಾಕುತ್ತಿದ್ದೆ. ಹಲಗೆ ದಿಬ್ಬವನ್ನು ಕಚ್ಚಿ ಕೊಚ್ಚಿಕೊಂಡು ಹೋಗುತ್ತಿತ್ತು. ಬದುವಿನ ಮೇಲಿಂದ ಅವ್ವ ವಿಮಲಮ್ಮ, "ಮಗ ಬಿದ್ದೋಯ್ತದೆ, ಒಂಚೂರು ಇಂದಕ್ಕೆ ತಿರುಗಿ ನೋಡ್ರೀ" ಎಂದು ಕೂಗುವಳು. ಅಪ್ಪ ತಿರುಗುತ್ತಿರಲಿಲ್ಲ. "ನಾ ಇಂದಕ್ಕೆ ನೋಡುದ್ರೆ ಎತ್ತು ನಿಂತ್ಕತದೆ. ಬಿದ್ರೆ ಕೂಗ್ತಾಳೆ ಬುಡು" ಎನ್ನುವನು. ಬಸವರಾಜುವಿನ ಗದ್ದೆ ಎಂದರೆ ಊರಿನಲ್ಲಿ ಮಟ್ಟಕ್ಕೆ ಹೆಸರು. ಆ ಹೆಸರಿನಲ್ಲಿ ನನ್ನ ಎದೆಯ ಪಾಲೂ ಇತ್ತು. ಎದೆ ಬೆಳೆದ ಮೇಲೆ ಅವ್ವ ಹಲಗೆ ಬಿಡಿಸಿದಳು.

ಇಷ್ಟು ಹಿಂದಿನ ಮಾತು. ೨೦೦೬ರಲ್ಲಿ ನಾನು ಹೈಸ್ಕೂಲೊಂದರ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದೆ. ಆಗ ಹಂಪಾಪುರದ ಮಾದೇಶ ಬಂದ. ಮೈಸೂರಿನಲ್ಲಿ ಕ್ಯಾಲಿಪರ್ ಅಳತೆಗೆ ಹೋದಾಗ ಪರಿಚಯವಾದವನು. ಟ್ರ್ಯಾಕ್ಟರಿನ ಅಪಘಾತದಲ್ಲಿ ಒಂದು ಕಾಲನ್ನು ಮೊಣಕಾಲಿನಿಂದ ಕೆಳಗೆ ಕಳೆದುಕೊಂಡಿದ್ದ, ಬಾಯಿ ಮಾತ್ರ ಪೂರ್ತಿ ಉಳಿದಿತ್ತು.

"ಅಕ್ಕೋ, ಅಲೆ ಮ್ಯಾಲೆ ಅಲಗೆ ಆಕ್ಕಂಡು ಬರೋದಂತೆ ಕಣಕ್ಕೋ. ಸರ್ಫಿಂಗು ಅಂತಾರೆ. ಅದ್ಕೆ ಕಾಲೇ ಬ್ಯಾಡ್ವಂತೆ."

"ಯಾರು ಹೇಳಿದ್ದು?"

"ಮಂಗ್ಳೂರಿಂದಾಚೆ ಮೀನುಗಾರ್ರ ಹುಡುಗ್ರು ಫಾರಿನ್ನೋರ ತಾವ ಕಲ್ತವ್ರೆ. ಈಗ ನಮ್ಮಂಥೋರ್ಗೂ ಕಲಿಸಿ ನೋಡಾನ ಅಂತವ್ರೆ. ಓದ್ರೆ ನಾವೇ ಮೊದಲ್ನೋರು."

"ಮುಳುಗಿದರೆ?"

"ಮುಳುಗಿದ್ರೂ ನಾವೇ ಮೊದಲ್ನೋರು."

ನನಗೆ ಈಜು ಬರುತ್ತಿತ್ತು. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ನಾಲೆಯಲ್ಲಿ ಅಪ್ಪನೇ ಕಲಿಸಿದ್ದ. ಫೆಬ್ರವರಿಯಲ್ಲಿ ಅವ್ವನನ್ನು ಕರೆದುಕೊಂಡು ಹೊರಟೆ. ಹುಣಸೂರಿನಲ್ಲಿ ಮಾದೇಶ ಬಸ್ಸು ಹತ್ತಿದ.

ಕಲಿಸುವವನ ಹೆಸರು ಮಹೇಂದ್ರ. ಬಿಸಿಲಿಗೆ ತಾಮ್ರದ ಬಣ್ಣಕ್ಕೆ ತಿರುಗಿದ ಕೂದಲು, ಮೆಲುಮಾತು. ನಮ್ಮಂಥವರಿಗೆ ಕಲಿಸಿ ಅವನಿಗೂ ಅಭ್ಯಾಸವಿರಲಿಲ್ಲ, ಅದನ್ನು ಮುಚ್ಚಿಡಲೂ ಇಲ್ಲ. "ನೀವು ಹೇಳ್ಬೇಕು, ನಾನು ಕೇಳ್ಬೇಕು. ಎಂತ ಆಗ್ತದೆ ಅಂತ ನೋಡುವ" ಎಂದ. ಹಲಗೆ ಎಂದರೆ ಆಳುದ್ದಕ್ಕಿಂತ ಉದ್ದದ, ಫೋಮಿನ, ಹಗುರವಾದ ನೀಲಿ ವಸ್ತು. ಕಾಲಿನಿಂದ ಹಿಡಿತ ಸಿಗದ ನನಗಾಗಿ ಮುಂಭಾಗದಲ್ಲಿ ಬಲೆಯ ಹಗ್ಗದ ಎರಡು ಕುಣಿಕೆ ಅಂಟಿಸಿದ. ಹಲಗೆ ತಪ್ಪಿಸಿಕೊಳ್ಳದಂತೆ ಎಲ್ಲರೂ ಪಾದಕ್ಕೆ ಕಟ್ಟುವ ದಾರವನ್ನು ನನ್ನ ಮುಂಗೈಗೆ ಕಟ್ಟಿದ, ಏಕೆಂದರೆ ನನ್ನ ಪಾದಕ್ಕೆ ಕಟ್ಟಿದರೆ ಎಳೆದುಕೊಳ್ಳುವ ಶಕ್ತಿ ಅದಕ್ಕಿಲ್ಲ. ಮೊದಲು ಮರಳಿನ ಮೇಲೆ ಮಲಗಿ ಅಭ್ಯಾಸ. ಆಮೇಲೆ ಲೈಫ್ ಜಾಕೆಟ್ ತೊಟ್ಟು ಸೊಂಟದಾಳದ ನೀರಿನಲ್ಲಿ ಹಲಗೆ ಮಗುಚಿ, ಮೈ ತಿರುಗಿಸಿ, ಮುಖ ಮೇಲೆ ಮಾಡಿ ಉಸಿರು ತೆಗೆದುಕೊಳ್ಳುವುದು. ಅದು ಸರಾಗವಾಗಿ ಬರುವವರೆಗೂ ಅಲೆಯ ಮಾತೇ ಎತ್ತಲಿಲ್ಲ.

ಮೊದಲ ಅಲೆಗೆ ಮಹೇಂದ್ರ ಹಲಗೆಯ ಬಾಲ ಹಿಡಿದು ಜೊತೆಗೇ ಬಂದ. ನೊರೆಯ ಮೇಲೆ ಜರ್ರನೆ ಜಾರಿ ದಡಕ್ಕೆ ಬಂದೆವು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕ್ಯಾಲಿಪರುಗಳನ್ನು ಮಡಿಲಲ್ಲಿಟ್ಟುಕೊಂಡು ಮರಳಿನ ಮೇಲೆ ಕೂತಿದ್ದ ಅವ್ವ ಅತ್ತುಬಿಟ್ಟಳು. ನನಗೆ ಖುಷಿಯಾಗಲಿಲ್ಲ ಎಂದರೆ ಸುಳ್ಳು. ಆದರೆ ಅದು ಬಸ್ಸಿಗೆ ಹತ್ತಿಸಿದ ಹಾಗೆಯೇ ಇತ್ತು, ಬಸ್ಸು ಮಾತ್ರ ಚೆನ್ನಾಗಿತ್ತು.

"ಈಗ ಕೈ ಬಿಡಿ" ಎಂದೆ.

ಬಿಟ್ಟ. ಹಿಂದಿನಿಂದ ಅಲೆ ಎದ್ದಿತು. ಹಲಗೆಯ ಮೂತಿ ನೀರಿಗೆ ಚುಚ್ಚಿ ನಾನು ಲಾಗ ಹಾಕಿ ಮುಳುಗಿದೆ. ಎದ್ದು ಉಗುಳಿ ಮತ್ತೆ ಹೋದೆ. ಮತ್ತೆ ಚುಚ್ಚಿತು. ಅತ್ತ ಮಾದೇಶ ಮೊಣಕಾಲೂರಿ ಕೂತು, ಗಾಳಿಯಲ್ಲಿ ಕೈ ಆಡಿಸುತ್ತ, "ಬತ್ತಾ ಇವ್ನಿ, ದಾರಿ ಬುಡ್ರಲಾ!" ಎಂದು ಕಿರುಚಿಕೊಂಡು ದಡಕ್ಕೆ ಬಂದುಬಿಟ್ಟ. ಮರುದಿನ ಸಂಜೆಯವರೆಗೂ ನಾನು ಹೋದ ಅಲೆಯಲ್ಲೆಲ್ಲ ಮೂತಿ ಚುಚ್ಚುತ್ತಲೇ ಇದ್ದೆ.

"ಬೇಜಾರು ಮಾಡ್ಬೇಡಿ ಮಾರಾಯ್ರೆ" ಎಂದ ಮಹೇಂದ್ರ. "ಹಿಡ್ಕೊಂಡು ಹೋಗುದು ಕೂಡ ಸರ್ಫಿಂಗೇ. ಹೊರದೇಶದಲ್ಲಿ ಸುಮಾರು ಜನ ಹಾಗೇ ಮಾಡುದಂತೆ. ಅದ್ರಲ್ಲಿ ಕಡಿಮೆ ಅಂತ ಏನೂ ಇಲ್ಲ."

ಅವನ ಮಾತು ನಿಜ. ಆದರೆ ನನಗೆ ಬೇಕಾಗಿದ್ದದ್ದು ಒಂದೇ ಒಂದು ಅಲೆ, ಯಾರ ಕೈಯೂ ಇಲ್ಲದ್ದು.

"ಇನ್ನೊಂದು ಮಾತು" ಎಂದ ಹೊರಡುವಾಗ. "ಅಲೆ ಎತ್ತಿದ ಕೂಡ್ಲೇ ನೀವು ಎದೆ ಒತ್ತುತ್ತೀರಿ. ಹೊಸಬರು ಹೆದರಿ ಗಟ್ಟಿಯಾಗ್ತಾರೆ, ಅದು ನನಗೆ ಗೊತ್ತು. ನೀವು ಹೆದರುದಿಲ್ಲ, ಬೇಕೂಂತಲೇ ಒತ್ತುತ್ತೀರಿ. ಎಲ್ಲಿ ಕಲ್ತದ್ದು ಇದು?"

ಬಸ್ಸು ಘಟ್ಟ ಹತ್ತಿ ಕೊಡಗು ದಾಟಿ ಪಿರಿಯಾಪಟ್ಟಣದ ಹತ್ತಿರ ಬಂದಾಗ ಅದಕ್ಕೆ ಉತ್ತರ ಸಿಕ್ಕಿತು. ರಸ್ತೆಯ ಉಬ್ಬೊಂದನ್ನು ಬಸ್ಸು ಹತ್ತಿತು. ನನ್ನ ಎದೆ ತಾನಾಗಿಯೇ ಮುಂದಿನ ಸೀಟಿನ ಕಂಬಿಗೆ ಒತ್ತಿತು. ಮುಂದಿನ ಉಬ್ಬಿಗೂ ಅಷ್ಟೇ. ಮೈಯೊಳಗೆ ಯಾರೋ "ಒತ್ತವ್ವಾ" ಎನ್ನುತ್ತಿದ್ದರು. ಗದ್ದೆಯಲ್ಲಿ ನೆಲ ಉಬ್ಬಿದರೆ ಹಲಗೆಯ ಮುಂಭಾಗ ಏಳುತ್ತದೆ, ಅದನ್ನು ಒತ್ತಿ ಇಳಿಸಬೇಕು. ಕಡಲಿನಲ್ಲಿ ಉಬ್ಬು ಹಿಂದಿನಿಂದ ಬರುತ್ತದೆ. ಏಳುವುದು ಬಾಲ, ಮೂತಿ ಆಗಲೇ ಕೆಳಗಿಳಿದಿರುತ್ತದೆ. ಅಲ್ಲಿ ಭಾರ ಹಿಂದಕ್ಕೆ ಹೋಗಬೇಕು. ಗುರುತ್ವ ಕೇಂದ್ರದ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಮಕ್ಕಳಿಗೆ ಎಷ್ಟೋ ಸಲ ಬರೆದುಕೊಟ್ಟವಳು ನಾನು. ಆದರೆ ನನ್ನ ಎದೆ ಆ ಪಾಠ ಕೇಳಿರಲಿಲ್ಲ. ಅದು ಕಲಿತದ್ದು ಕೆಸರಿನಲ್ಲಿ, ಮರೆಯಬೇಕಾದದ್ದೂ ಅಲ್ಲಿಯೇ.

ನಾಲೆಗೆ ನೀರು ಬರುವವರೆಗೆ ಕಾದೆ. ಊರಿಗೆ ಅಷ್ಟು ಹೊತ್ತಿಗೆ ಟಿಲ್ಲರ್ ಬಂದಿತ್ತು, ಆದರೆ ನಾಲೆಯ ಪಕ್ಕದ ನಮ್ಮ ಮೂಲೆಗದ್ದೆಯಲ್ಲಿ ಕೆಸರು ಆಳ, ಟಿಲ್ಲರ್ ಹೂತುಹೋಗುತ್ತಿತ್ತು. ಅಲ್ಲಿಗೆ ಎತ್ತೇ ಆಗಬೇಕು.

"ಅಪ್ಪ, ಈ ಸಲ ಹಲಗೆ ಮೇಲೆ ನಾ ಮಲಗ್ತೀನಿ."

ಅಪ್ಪ ಬೀಡಿ ಕೆಳಗಿಟ್ಟ. "ಏನವ್ವ, ಬುದ್ಧಿಗಿದ್ಧಿ ಕೆಟ್ಟದಾ? ಮಕ್ಕಳಿಗೆ ಪಾಟ ಯೋಳೋ ಎಂಗ್ಸು ಕೆಸರಲ್ಲಿ ಒಳ್ಳಾಡ್ತೀನಿ ಅಂದ್ರೆ ಊರೋರು ಏನಂದಾರು?"

"ಅನ್ನಲಿ. ಆಮೇಲೆ, ಗದ್ದೆ ಮಟ್ಟ ಆಗಲ್ಲ. ನೀನು ಒತ್ತು ಅಂದಾಗೆಲ್ಲ ನಾ ಒತ್ತಲ್ಲ, ಹಿಂದಕ್ಕೆ ವಾಲ್ತೀನಿ. ಅದನ್ನೇ ಕಲೀಬೇಕು ನಾನು."

ಅವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಪೂರ್ತಿ ಕೇಳಿ ಬೀಡಿ ಎತ್ತಿಕೊಂಡು ಕೊನೆಯವರೆಗೂ ಸೇದಿದ. ಮಟ್ಟಕ್ಕೆ ಹೆಸರಾದವನ ಗದ್ದೆಯನ್ನು ಬೇಕೆಂದೇ ಕೆಡಿಸುತ್ತೇನೆ ಎಂದಿದ್ದೆ.

"ಇದೊಂದು ಸಲ" ಎಂದ ಕೊನೆಗೆ. "ಆ ಕಡಲ ಹತ್ರಕ್ಕೂ ಇನ್ನೊಂದೇ ಸಲ. ಆಗ್ದೆ ಓದ್ರೆ ಈ ಮಾತು ಬುಟ್ಬುಡ್ಬೇಕು. ನಿಮ್ಮವ್ವ ದಿನಾ ಕನವರಿಸ್ತಾ ಅವ್ಳೆ."

ಒಪ್ಪಿದೆ.

ಕೆಸರು ಹಳೆಯ ಕೆಸರೇ, ವಾಸನೆಯೂ ಅದೇ. ಮೈಗಳ್ಳ ಎತ್ತು ಸತ್ತು ಎಷ್ಟೋ ವರ್ಷವಾಗಿತ್ತು, ಅಂದಿನಿಂದ ಹಲಗೆ ಹತ್ತುತ್ತಿದ್ದವನು ಅಪ್ಪನೇ. ಆದರೂ ಅಪ್ಪ ಅಭ್ಯಾಸಬಲದಿಂದ ಎಡಗಡೆಯ ಎತ್ತಿನ ಪಕ್ಕದಲ್ಲೇ ನಡೆದ. "ಒತ್ತು!" ಎಂದ. ನನ್ನ ಎದೆ ಒತ್ತಿತು. ಹಾಳಾದ ಎದೆ. ಮುಂದಿನ ದಿಬ್ಬಕ್ಕೆ ಅಂಗೈ ಊರಿ ಎದೆ ಎತ್ತಿ ಹಿಂದಕ್ಕೆ ಜರುಗಿದೆ. ಹಲಗೆ ದಿಬ್ಬವನ್ನು ಕಚ್ಚದೆ ಅದರ ಮೇಲೆ ಹತ್ತಿ ಇಳಿಯಿತು. ದಿಬ್ಬ ದಿಬ್ಬವಾಗಿಯೇ ಉಳಿಯಿತು. ಅಪ್ಪನಿಗೆ ಅದು ಬೆನ್ನಿಗೇ ಗೊತ್ತಾಗುತ್ತಿತ್ತು. ಹಲ್ಲು ಕಡಿಯುವುದು ಕೇಳಿಸುತ್ತಿತ್ತು. ತಿರುಗಲಿಲ್ಲ. ಸಂಜೆಯ ಹೊತ್ತಿಗೆ "ಒತ್ತು" ಎಂಬ ಕೂಗಿಗೆ ನನ್ನ ಮೈ ಯೋಚಿಸದೆ ಹಿಂದಕ್ಕೆ ಹೋಗತೊಡಗಿತ್ತು. ಗದ್ದೆ ನೋಡುವ ಹಾಗಿರಲಿಲ್ಲ.

ನೋಡುವುದಕ್ಕೆ ಪಕ್ಕದ ಗದ್ದೆಯ ಕುಳ್ಳಯ್ಯ ಬಂದ. ಅವನ ಗದ್ದೆ ನಮ್ಮದರಷ್ಟು ಮಟ್ಟ ಎಂದೂ ಆದದ್ದಿಲ್ಲ.

"ಏನ್ ಬಸವರಾಜಣ್ಣ, ಅಲಗೆ ಒಡ್ದಿದ್ದೀಯೋ, ಇಲ್ಲ ಅಂದಿ ಬುಟ್ಟಿದ್ದೀಯೋ?"

ಅಪ್ಪ ಹಲಗೆ ತೊಳೆಯುತ್ತಿದ್ದ. ತಲೆ ಎತ್ತಲಿಲ್ಲ. ಕುಳ್ಳಯ್ಯ ಊರಿಗೆಲ್ಲ ಸಾರಿದ. ನಾಟಿಗೆ ಬಂದ ಹೆಂಗಸರು ಗುಂಡಿಯಲ್ಲಿ ಮೊಣಕಾಲವರೆಗೆ ಇಳಿದು, ದಿಬ್ಬದಲ್ಲಿ ಹಿಮ್ಮಡಿ ಒಣಗಿಸಿಕೊಂಡು, ದಿನವಿಡೀ ನಕ್ಕರು. ಪೈರು ಬೆಳೆದ ಮೇಲೆ ಅದು ಇನ್ನೂ ಎದ್ದು ಕಂಡಿತು: ದಿಬ್ಬದಲ್ಲಿ ಎತ್ತರ, ಗುಂಡಿಯಲ್ಲಿ ಗಿಡ್ಡ, ಗಾಳಿ ಬೀಸಿದರೆ ಒಂದೊಂದು ಕಡೆ ಒಂದೊಂದು ರೀತಿಯ ಬಾಗು. ರಸ್ತೆಯಿಂದಲೇ ಕಾಣುತ್ತಿತ್ತು.

ಅಕ್ಟೋಬರಿನಲ್ಲಿ ಮಹೇಂದ್ರ ಫೋನು ಮಾಡಿ, ಮಳೆಗಾಲದ ಅಬ್ಬರ ಇಳಿದಿದೆ, ಬನ್ನಿ ಎಂದ. ಅವ್ವ, "ನಾ ನೋಡನಾರೆ, ನೀವೇ ಓಗಿ" ಎಂದು ಅಪ್ಪನನ್ನು ಹೊರಡಿಸಿದಳು. ಬಸ್ಸಿಗೆ ನಿಂತಿದ್ದಾಗ ಕುಳ್ಳಯ್ಯ ಸೈಕಲ್ಲಿನಲ್ಲಿ ಎದುರಾದ.

"ಎಲ್ಲಿಗಣ್ಣ ಸವಾರಿ? ಗದ್ದೆ ನೋಡುದ್ರೆ ಅಂಗದೆ, ನೀನು ನೋಡುದ್ರೆ ಬಿಳಿ ಪಂಚೆ ಉಟ್ಕಂಡು ಒಂಟಿದ್ದೀಯ?"

"ಗದ್ದೆಗೇನಾಗದೆಲಾ? ಅದು ಸಮುದ್ರ ಕಣ್ಲಾ. ಅಲೆ ಕಾಣಾಕಿಲ್ವಾ ನಿನ್ ಕಣ್ಗೆ?" ಎಂದ ಅಪ್ಪ. ಸಮುದ್ರವನ್ನು ಅವನೂ ಆವರೆಗೆ ಕಂಡಿರಲಿಲ್ಲ.

ಕಂಡಾಗ ಮಾತ್ರ ಎರಡು ಹೆಜ್ಜೆ ಹಿಂದೆ ಸರಿದ. ನಾಲೆಯಲ್ಲಿ ಈಜಿದವನೇ, ನದಿಗೆ ಹೆದರದವನೇ. ಆದರೆ ಈ ನೀರು ನಿಲ್ಲುವುದೇ ಇಲ್ಲವಲ್ಲ ಎಂದು ಮತ್ತೆ ಮತ್ತೆ ಹೇಳಿದ. ಪಂಚೆ ಎತ್ತಿ ಕಟ್ಟಿ ಸೊಂಟದಾಳಕ್ಕೆ ಇಳಿದ. "ಬಾಲ ನಾನೇ ಇಡ್ಕತೀನಿ, ಬ್ಯಾರೆ ಯಾರೂ ಬ್ಯಾಡ" ಎಂದ. ಮಹೇಂದ್ರ ಒಪ್ಪಿ, ಕೈಗೆಟುಕುವಷ್ಟು ದೂರದಲ್ಲಿ ಕಾವಲಿಗೆ ನಿಂತ. ಸರಿಯಾದ ಅಲೆ ಬಂದಾಗ ಹೇಳುತ್ತೇನೆ, ಹೇಳಿದ ಕೂಡಲೇ ತಳ್ಳಿ ಬಿಡಬೇಕು ಎಂದು ವಿವರಿಸಿದ.

ಅಲೆ ಬಂತು. "ಬಿಡಿ!" ಎಂದ ಮಹೇಂದ್ರ. ಅಪ್ಪ ಬಿಡಲಿಲ್ಲ. ಅಲೆ ನಮ್ಮಿಬ್ಬರ ಮೇಲೂ ಹಾದುಹೋಯಿತು. ಮುಂದಿನದಕ್ಕೆ ಅವನನ್ನೂ ಎಳೆದುಕೊಂಡು ಹೋಗಿ ಕೆಡವಿತು, ಬಾಯಿ ತುಂಬ ಉಪ್ಪುನೀರು. ಆದರೂ ಎರಡು ಕೈಯೂ ಹಲಗೆಯ ಬಾಲದಲ್ಲೇ ಇದ್ದವು.

"ಅಣ್ಣ, ಕೈ ಬಿಡ್ಬೇಕು."

"ಬುಟ್ರೆ ಮುಳುಗ್ತಾಳಲ್ಲಯ್ಯ!"

"ಮುಳುಗಿದ್ರೆ ಏಳ್ಲಿಕ್ಕೆ ಅವ್ರಿಗೆ ಬರ್ತದೆ. ಜಾಕೆಟ್ ಉಂಟು, ನಾನಿದ್ದೇನೆ."

"ನೀನಿರಪ್ಪ, ಬ್ಯಾಡ ಅಂದ್ನಾ? ನನ್ ಕೈ ಬುಡಾಕಿಲ್ಲ ಅಂತದೆ."

ಈ ಸಲವೂ ಜೊತೆಗೆ ಬಂದಿದ್ದ ಮಾದೇಶ ಮರಳಿನ ಮೇಲಿಂದ ಕೂಗಿದ: "ದೊಡ್ಡಪ್ಪೋ, ಅಲಗೆ ಕಿತ್ಕಂಡು ಊರಿಗೆ ಒಯ್ತೀಯಾ ಎಂಗೆ?"

ಅಪ್ಪನ ಹಿಡಿತದ ಬಿಗಿ ಹಲಗೆಯ ಮೂಲಕ ನನ್ನ ಎದೆಗೆ ತಿಳಿಯುತ್ತಿತ್ತು. ಇಷ್ಟು ವರ್ಷ ನನ್ನನ್ನು ಎತ್ತಿದ ಕೈಗಳು ಅವು. ಅವುಗಳಿಗೆ ಬಿಡು ಎನ್ನುವುದು ಹೇಗೆ? ದಡದ ಕಡೆಗೆ ಮುಖ ಮಾಡಿಯೇ ಮಲಗಿದ್ದೆ, ಅವನ ಮುಖ ಕಾಣುತ್ತಿರಲಿಲ್ಲ. ಅವನಿಗೆ ಮಾತ್ರ ನಾನು ಪೂರ್ತಿ ಕಾಣುತ್ತಿದ್ದೆ: ಬತ್ತಿದ ಕಾಲು, ಮುಂದೆ ಅಷ್ಟು ದೂರ ನೀರು.

"ಅಪ್ಪ, ಗದ್ದೇಲಿ ಯಾವತ್ತಾದ್ರೂ ನನ್ನ ತಿರುಗಿ ನೋಡಿದ್ದೀಯಾ?"

"ಇಲ್ಲ. ಎತ್ತು ನೋಡ್ಬೇಕಲ್ಲವ್ವ."

"ಇಲ್ಲೂ ಎತ್ತನ್ನೇ ನೋಡು. ನನ್ನ ಕಡೆ ಬೆನ್ನು ಮಾಡು."

ಹಲಗೆ ಸ್ವಲ್ಪ ಹೊರಳಿತು. ಕತ್ತು ತಿರುಗಿಸಿ ನೋಡಿದೆ. ಅಪ್ಪ ಕಡಲಿಗೆ ಮುಖ ಮಾಡಿ ನಿಂತಿದ್ದ. ಒಂದು ಕೈ ಹಿಂದಕ್ಕೆ ಚಾಚಿ ಬಾಲದ ಮೇಲೆ, ಇನ್ನೊಂದು ಕೈ ಮುಂದೆ, ಅಂಗೈ ಬಿಚ್ಚಿ, ಹೊಸ ಎತ್ತನ್ನು ಮಾತಾಡಿಸುವವನ ಹಾಗೆ. ಬೆನ್ನು ನೆಟ್ಟಗಾಗಿತ್ತು. ನಾನು ಹುಡುಗಿಯಾಗಿದ್ದಾಗ ಕೆಸರಿನಿಂದ ನೋಡುತ್ತಿದ್ದ ಅದೇ ಬೆನ್ನು.

"ಹೋ... ಹೋ... ಬಾ ಮಗನೆ, ಬಾ" ಎನ್ನುತ್ತಿದ್ದ ಅಲೆಗೆ. "ಇದಲ್ಲ. ಇದು ಮೈಗಳ್ಳ. ಓಗಲಿ."

ಅದು ಹೋಯಿತು. ಮಹೇಂದ್ರ ಬಾಯಿ ತೆರೆದವನು ಮುಚ್ಚಿಕೊಂಡ, ಏಕೆಂದರೆ ಅಪ್ಪ ಬಿಟ್ಟದ್ದು ನಿಜಕ್ಕೂ ಬಲವಿಲ್ಲದ ಅಲೆ. ಅದರ ಹಿಂದೆ ಇನ್ನೊಂದು, ಉದ್ದಕ್ಕೆ ಒಂದೇ ಸಮನಾಗಿ ಎದ್ದುಕೊಂಡು ಬಂತು.

"ಬಂತು ಕಣವ್ವಾ!"

ಹಲಗೆಯನ್ನು ಹಿಂದಕ್ಕೆ ಚಾಚಿದ್ದ ಕೈಯಲ್ಲೇ ದೂಡಿದ. ಅಲೆ ಅವನ ಎದೆಗೆ ಬಡಿಯಿತು, ಆಮೇಲೆ ನನ್ನ ಹಲಗೆಯ ಬಾಲವನ್ನು ಎತ್ತಿತು. ಮೂತಿ ಕೆಳಗೆ ಬಾಗಿತು. ಹಸಿರು ನೀರು ಕಣ್ಣಿನ ಕೆಳಗೇ ಕಂಡಿತು. ಎದೆ ಒತ್ತಲಿಲ್ಲ. ಅಂಗೈ ಊರಿತು, ಬೆನ್ನು ಬಿಲ್ಲಾಯಿತು, ಮೈ ಹಿಂದಕ್ಕೆ ಜರುಗಿತು; ಇದನ್ನು ಮಾಡಿದ್ದು ನಾನು ಎನ್ನುವುದಕ್ಕಿಂತ ಮೂಲೆಗದ್ದೆಯ ಆ ದಿನ. ಮೂತಿ ಎದ್ದಿತು.

ಆಮೇಲಿನದು ಸದ್ದು. ಬಟ್ಟೆ ಹರಿದ ಹಾಗೆ ಹಲಗೆಯ ಅಡಿಯಲ್ಲಿ ನೀರು ಸರ್ರೆಂದಿತು. ಎರಡು ಕಡೆಯೂ ನೊರೆ, ಮಧ್ಯದಲ್ಲಿ ನಾನು, ಮುಂದೆ ಏನೂ ಇಲ್ಲ. ಎತ್ತಿಲ್ಲ, ಬೆನ್ನಿಲ್ಲ, ಕೈಯಿಲ್ಲ. ಬಲಕ್ಕೆ ವಾಲಿದೆ, ಹಲಗೆ ಬಲಕ್ಕೆ ಬಂತು. ಎಡಕ್ಕೆ ವಾಲಿದೆ, ಅದು ಎಡಕ್ಕೆ ಬಂತು. ಕಾಲುಗಳು ಹಿಂದೆ ತಮ್ಮ ಪಾಡಿಗೆ ತೇಲಿಕೊಂಡು ಬಂದವು. ನಾನು ಏನೋ ಕಿರುಚುತ್ತಿದ್ದೆ. "ಬತ್ತಾ ಇವ್ನಿ, ದಾರಿ ಬುಡ್ರಲಾ" ಎನ್ನುತ್ತಿದ್ದೆ ಎಂದು ಮಾದೇಶ ಇವತ್ತಿಗೂ ಹೇಳುತ್ತಾನೆ, ನನಗೆ ನಂಬಿಕೆಯಿಲ್ಲ.

ಹಲಗೆಯ ಹೊಟ್ಟೆ ಮರಳಿಗೆ ಉಜ್ಜಿ ನಿಂತಿತು. ಚಪ್ಪಾಳೆ ತಟ್ಟಲು ಬಂದವರಿಗೆ, "ಮುಟ್ಟಬೇಡಿ, ಇನ್ನೊಂದು ನಿಮಿಷ ಯಾರೂ ಮುಟ್ಟಬೇಡಿ" ಎಂದು ಹೇಳಿ, ಕೆನ್ನೆಯನ್ನು ಒದ್ದೆ ಫೋಮಿಗೆ ಕೊಟ್ಟು ಮಲಗಿದೆ.

ಕಡಲಿನಲ್ಲಿ ಅಪ್ಪ ಇನ್ನೂ ನನಗೆ ಬೆನ್ನು ಮಾಡಿಯೇ ನಿಂತಿದ್ದ. ತಿರುಗಿದರೆ ಎಲ್ಲಿ ಹಲಗೆ ನಿಂತುಬಿಡುತ್ತದೋ ಎಂಬ ಹಾಗೆ. ಮಹೇಂದ್ರ ಅವನ ಭುಜ ಹಿಡಿದು ತಿರುಗಿಸಬೇಕಾಯಿತು. ಅಷ್ಟು ದೂರದಲ್ಲಿ ನನ್ನನ್ನು ಕಂಡು, ಅಪ್ಪ ತನ್ನ ಎರಡೂ ಖಾಲಿ ಕೈಗಳನ್ನು ನೋಡಿಕೊಂಡ. ಆಮೇಲೆ ಅವನ್ನು ತಲೆಯ ಮೇಲೆತ್ತಿ ಕುಣಿದ, ಪಂಚೆ ಬಿಚ್ಚಿಹೋದದ್ದೂ ತಿಳಿಯದೆ.

ಆ ದಿನ ಇನ್ನೂ ಬೇಕಾದಷ್ಟು ಅಲೆ ಹಿಡಿದೆ. ಕೆಲವಕ್ಕೆ ಮುಳುಗಿದೆ, ಎದ್ದೆ. ಬಿಸಿಲು ಇಳಿಯುವ ಹೊತ್ತಿಗೆ ಅಪ್ಪ ಮಹೇಂದ್ರನ ಹತ್ತಿರ ಹೋಗಿ ತಲೆ ಕೆರೆದುಕೊಂಡು ನಿಂತ.

"ಅಲ್ಲಯ್ಯ, ಕಾಲು ನೆಟ್ಟಗಿರೋರ್ಗೂ ಕಲಿಸ್ತೀರಾ, ಇಲ್ಲ ಇವರ್ಗೆ ಮಾತ್ರವೋ?"

ನೀಲಿ ಹಲಗೆಯ ಮೇಲೆ ಅವನನ್ನು ಬೋರಲು ಮಲಗಿಸಿದರು. ಮೂವತ್ತು ವರ್ಷ ಗದ್ದೆ ಮಟ್ಟ ಮಾಡಿದ ಮೈ ಅದು. ಹಿಂದಿನಿಂದ ಅಲೆ ಏಳುವುದು ಮರಳಿನ ಮೇಲೆ ಕೂತಿದ್ದ ನನಗೆ ಕಾಣುತ್ತಿತ್ತು, ಅವನ ಎದೆ ಮುಂದಕ್ಕೆ ಬಾಗುವುದೂ ಕಾಣುತ್ತಿತ್ತು. ಕೈಗಳನ್ನು ಬಾಯಿಯ ಸುತ್ತ ಹಿಡಿದು, ಇದ್ದಷ್ಟು ಗಂಟಲಿನಿಂದ ಕೂಗಿದೆ:

"ಒತ್ತಬ್ಯಾಡ ಕಣಪ್ಪೋ! ಒತ್ತಬ್ಯಾಡಾ!"

ಒತ್ತಿಯೇಬಿಟ್ಟ.